ಅಪ್ಪ ಕಲಿಸಿದ ಮಡಿಕೆ

“ಬಿಡಿ ಅದನ್ನ!”

ಹೇಳಿದ್ದಷ್ಟೇ ಅಲ್ಲ, ಪುಸ್ತಕವನ್ನು ಅವನ ಕೈಯಿಂದ ಕಿತ್ತುಕೊಂಡೇ ಬಿಟ್ಟಿದ್ದಳು.

ಸಂಪಾದಕರ ಕೋಣೆಯಲ್ಲಿ ಎಲ್ಲರ ಪೆನ್ಸಿಲುಗಳೂ ನಿಂತವು. ಕಿಟಕಿಯ ಪಕ್ಕದ ಮೇಜಿನ ಹಿಂದೆ ಕುಳಿತಿದ್ದ ಯುವಕ ಬರಿಗೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಅವಳನ್ನೇ ನೋಡುತ್ತಿದ್ದ. ಅವನು ಮಾಡಿದ ತಪ್ಪು ಇಷ್ಟೇ. ಆಗಷ್ಟೇ ಬಂದ ಹೊಸ ಪುಸ್ತಕವನ್ನು ನಟ್ಟನಡುವೆ ತೆರೆದು, ಮೇಜಿನ ಮೇಲೆ ಚಪ್ಪಟೆಯಾಗಿ ಕೂರಲಿ ಎಂದು ಅಂಗೈಯಿಂದ ಒತ್ತಲು ಹೊರಟಿದ್ದ. ಅದು ತಪ್ಪೆಂದು ಅವನಿಗೆ ಗೊತ್ತೇ ಇರಲಿಲ್ಲ, ಪಾಪ.

“ಹಾಗೆ ಒತ್ತಿದ್ರೆ ಬೆನ್ನು ಮುರಿಯುತ್ತೆ,” ಎಂದಳು ಅವಳು. ಈಗ ದನಿ ಸ್ವಲ್ಪ ಇಳಿದಿತ್ತು.

ಪುಸ್ತಕದ ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಮುಂದಿನಿಂದ ನಾಲ್ಕು ಹಾಳೆ ಬಿಡಿಸಿ ಬೆರಳಿನಿಂದ ನವಿರಾಗಿ ಸವರಿದಳು. ಆಮೇಲೆ ಹಿಂದಿನಿಂದ ನಾಲ್ಕು ಹಾಳೆ. ಮತ್ತೆ ಮುಂದಿನಿಂದ. ಹೀಗೆ ಎರಡೂ ಕಡೆಯಿಂದ ನಡೆದು ಬಂದು ನಡುವಿಗೆ ಕೊನೆಗೆ ತಲುಪಬೇಕು, ಮೊದಲ ಸಲ ತೆರೆಯುವಾಗ ಇಷ್ಟು ಮಾಡಿದರೆ ಪುಸ್ತಕ ಐವತ್ತು ವರ್ಷ ಬಾಳುತ್ತದೆ ಎಂದು ವಿವರಿಸಿದಳು.

“ಇದನ್ನ ಹೊಲಿದಿದ್ದು ನಮ್ಮಪ್ಪ,” ಎಂದು ಸೇರಿಸಿದಳು. ಹಾಗೆನ್ನುವಾಗ ಅವಳ ಕುತ್ತಿಗೆ ತಾನಾಗಿಯೇ ಒಂದಂಗುಲ ಮೇಲೇರಿತು.

ಅವನು ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದ. “ಬೈಂಡರ್ ಹೆಸರು ಇದರಲ್ಲಿ ಎಲ್ಲೂ ಇಲ್ವಲ್ಲ. ನಿಮಗೆ ಹೇಗೆ ಗೊತ್ತಾಯ್ತು?”

“ಕೆಲಸ ಮಾಡಿದವರ ಕೈ ಗೊತ್ತಾಗುತ್ತೆ ಸರ್.”

ಅವನು ಪುಸ್ತಕವನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಆಮೇಲೆ, ಇಲ್ಲಿಗೆ ಯಾರನ್ನು ನೋಡಲು ಬಂದಿರಿ ಎಂದು ಕೇಳಿದ. ಇಂದು ಸೇರಿರುವ ನಾಲ್ಕು ಜನ ಇಂಟರ್ನ್‌ಗಳಲ್ಲಿ ತಾನೂ ಒಬ್ಬಳು, ತನ್ನ ಮೆಂಟರ್ ಈ ಕೋಣೆಯಲ್ಲಿದ್ದಾರಂತೆ, ಅವರು ಯಾರು ಎಂದು ಅವಳು ವಿಚಾರಿಸಿದಳು.

“ನಾನೇ,” ಎಂದ ಅವನು.

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಕೆಲಸಕ್ಕೆ ಸೇರಿ ಹತ್ತು ನಿಮಿಷವಾಗಿಲ್ಲ, ಆಗಲೇ ಗುರುವಿನ ಕೈಯಿಂದ ಪುಸ್ತಕ ಕಿತ್ತುಕೊಂಡಾಗಿದೆ... ಅಮ್ಮನಿಗೆ ಗೊತ್ತಾದರೆ ಮುಗಿಯಿತು ಕಥೆ!

ಆದರೆ ಅವನು ನಗುತ್ತಿದ್ದ. ಸದ್ದಿಲ್ಲದೆ, ಕಣ್ಣಿನಲ್ಲಷ್ಟೇ.

ಆ ಪ್ರಕಾಶನ ಸಂಸ್ಥೆಗೆ ನಲವತ್ತು ವರ್ಷ ವಯಸ್ಸು. ಅಷ್ಟೂ ವರ್ಷ ಅಲ್ಲಿನ ಸಂಪಾದಕರ ಕೋಣೆಗೆ ಬಂದವರೆಲ್ಲ ಒಂದೇ ಬಗೆಯವರು. ಯಾರದೋ ಪರಿಚಯದ ಮಗ, ಯಾರದೋ ಗೆಳತಿಯ ಮಗಳು, ಆರು ತಿಂಗಳು ಸಂಬಳವಿಲ್ಲದೆ ದುಡಿದರೂ ಮನೆಯಲ್ಲಿ ಒಲೆ ಉರಿಯುವಂಥವರು. ಈ ವರ್ಷ ಪ್ರಧಾನ ಸಂಪಾದಕಿ, ಅಂದರೆ ಆಫೀಸಿನವರೆಲ್ಲ ದೊಡ್ಡ ಮೇಡಂ ಎಂದು ಕರೆಯುವ ಹೆಂಗಸು, ಆ ಪದ್ಧತಿಯ ಬುಡಕ್ಕೇ ಕೈ ಹಾಕಿದ್ದರು. ಪದವಿ ಬೇಕಿಲ್ಲ, ಶಿಫಾರಸು ಬೇಡ, ತಿಂಗಳು ತಿಂಗಳು ಸಂಬಳ, ಒಬ್ಬೊಬ್ಬರಿಗೂ ಒಬ್ಬ ಮೆಂಟರ್. ಆರು ತಿಂಗಳ ಕೊನೆಗೆ ನಾಲ್ವರಲ್ಲಿ ಒಬ್ಬರಿಗೆ ಕಾಯಂ ಕೆಲಸ. ಅರ್ಜಿಯ ಜೊತೆ ಕೇಳಿದ್ದು ಒಂದೇ ಪುಟ. ನೀವು ಓದುವುದನ್ನು ಹೇಗೆ ಕಲಿತಿರಿ?

ನಮ್ಮ ಹುಡುಗಿ ಬರೆದದ್ದು ಹೀಗೆ. ಅವಳು ಓದಲು ಕಲಿತದ್ದು ಅಪ್ಪನ ಬೈಂಡಿಂಗ್ ಅಂಗಡಿಯ ನೆಲದ ಮೇಲೆ, ಮಡಿಸದ ದೊಡ್ಡ ಹಾಳೆಗಳಲ್ಲಿ. ಆ ಹಾಳೆಗಳಲ್ಲಿ ಒಂದನೇ ಪುಟದ ಪಕ್ಕ ಹದಿನಾರನೇ ಪುಟ ಇರುತ್ತದೆ. ಮಡಿಸಿದಾಗ ಮಾತ್ರ ಪುಟಗಳು ಸಾಲಾಗಿ ಬರುತ್ತವೆ. ಹೀಗಾಗಿ ಅವಳ ಬಾಲ್ಯದ ಕಥೆಗಳಲ್ಲಿ ರಾಜಕುಮಾರಿ ಮೊದಲು ಮದುವೆಯಾಗಿ ಆಮೇಲೆ ಹುಟ್ಟುತ್ತಿದ್ದಳು. ಮಧ್ಯೆ ಏನು ನಡೆದಿರಬಹುದೆಂದು ಊಹಿಸಿ ಊಹಿಸಿಯೇ ಅವಳಿಗೆ ಓದುವ ಹುಚ್ಚು ಹಿಡಿದಿತ್ತು. ಅಪ್ಪನ ಮಣಿಕಟ್ಟಿಗೆ ಪೆಟ್ಟಾದ ವರ್ಷ ಕಾಲೇಜು ಬಿಟ್ಟು ಮಡಿಸುವ ಮೇಜಿಗೆ ಬಂದು ಕೂತಳು. ಕಾಲೇಜು ಬಿಟ್ಟುಹೋಯಿತು, ಓದು ಬಿಡಲಿಲ್ಲ.

ಅಪ್ಪನಿಗೆ ಒಂದು ಹಟವಿತ್ತು. ಕಾಗದ ಎಂದರೆ ಕಾಗದ. ಅದು ಪುಸ್ತಕದ್ದಿರಲಿ, ಸಾಮಾನಿನ ಚೀಟಿಯೇ ಇರಲಿ, ಮಡಿಸಿದರೆ ಅಂಚಿಗೆ ಅಂಚು ಕೂರಬೇಕು. ಮೂಳೆಯಿಂದ ಮಾಡಿದ ಚಪ್ಪಟೆ ಪಟ್ಟಿಯಿಂದ, ಅದಿಲ್ಲದಿದ್ದರೆ ಹೆಬ್ಬೆರಳ ಉಗುರಿನಿಂದ, ಮಡಿಕೆಯ ಮೇಲೆ ಎರಡು ಸಲ ಎಳೆಯಬೇಕು. ಎರಡೇ ಸಲ. ಮೂರಾದರೆ ಕಾಗದ ಹೊಳೆಯುತ್ತದೆ, ಒಂದಾದರೆ ಬಾಯಿ ಬಿಡುತ್ತದೆ. ಮನೆಯಲ್ಲಿ ಬಟ್ಟೆಯನ್ನೂ ಹೀಗೇ ಮಡಿಸಿ ಅಮ್ಮನಿಂದ ಬೈಸಿಕೊಂಡವರು ಅವರು.

ಅವಳ ಮೆಂಟರ್‌ಗೂ ಒಂದು ಹಟವಿತ್ತು. ಅವನು ಯಾರ ಬರಹವನ್ನೂ ತಿದ್ದುತ್ತಿರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ವಾಪಸ್ ಕೊಡುತ್ತಿದ್ದ, ಅಷ್ಟೇ. ಎಲ್ಲಿ ಮಾತು ಪೂರ್ತಿಯಾಗಿಲ್ಲವೋ, ಎಲ್ಲಿ ಬರೆದವರು ಏನನ್ನೋ ಮುಚ್ಚಿಟ್ಟುಕೊಂಡಿದ್ದಾರೋ ಅಲ್ಲಿ ಆ ಚಿಹ್ನೆ ಬೀಳುತ್ತಿತ್ತು. ಏನು ತಪ್ಪೆಂದು ನೀವೇ ಹುಡುಕಬೇಕು. ಸರಿಯಾದ ಉತ್ತರ ಬಂದ ದಿನ ಅವನೇ ರಬ್ಬರ್ ತೆಗೆದುಕೊಂಡು ಚಿಹ್ನೆಯನ್ನು ಅಳಿಸುತ್ತಿದ್ದ. ಅಳಿಸಿದರೆ ಒಪ್ಪಿದ ಹಾಗೆ. ಆಫೀಸಿನಲ್ಲಿ ಅವನಿಗೆ ‘ಪ್ರಶ್ನೆ ಸರ್’ ಎಂದೇ ಹೆಸರು ಬಿದ್ದಿತ್ತು.

ಮೊದಲ ತಿಂಗಳು ಅವಳ ವರದಿಗಳ ತುಂಬ ಪ್ರಶ್ನೆಗಳೇ. ಹಸ್ತಪ್ರತಿ ಓದಿ, ಇದನ್ನು ಪ್ರಕಟಿಸಬಹುದೇ, ಏಕೆ ಎಂದು ಎರಡು ಪುಟ ಬರೆಯುವುದು ಕೆಲಸ. ಅವಳು ಕಥೆಯನ್ನೇ ಮತ್ತೊಮ್ಮೆ ಬರೆದು ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಸಿಟ್ಟು ನೆತ್ತಿಗೇರಿ, ಇದಕ್ಕಿಂತ ಎರಡು ಬೈದು ಹೇಳಿಕೊಡಬಾರದೇ ಎಂದು ಕೇಳಿಯೇ ಬಿಟ್ಟಳು.

“ನಾನು ಹೇಳಿಕೊಟ್ರೆ ಅದು ನನ್ನ ಕಣ್ಣು,” ಎಂದ ಅವನು. “ಇಲ್ಲಿ ನನ್ನಂಥ ಕಣ್ಣು ಬೇಕಾದಷ್ಟಿವೆ. ನಿಮ್ಮದು ಇರಲಿಲ್ಲ. ಅದಕ್ಕೇ ಕರೆಸಿದ್ದು.”

ಆ ಮಾತನ್ನು ಅವಳು ಮನೆಯವರೆಗೆ ಕೈಯಲ್ಲಿ ಹಿಡಿದುಕೊಂಡೇ ಹೋದಳು.

ಮೂರನೇ ತಿಂಗಳ ಒಂದು ಶನಿವಾರ ಅವನು ಬೈಂಡಿಂಗ್ ಅಂಗಡಿಗೇ ಬಂದ. ಪುಸ್ತಕದ ಕೆಲಸದಲ್ಲಿ ಹತ್ತು ವರ್ಷ ಕಳೆದೂ ಪುಸ್ತಕ ಹೊಲಿಯುವುದನ್ನು ನೋಡಿಲ್ಲ, ನಾಚಿಕೆಯಾಗುತ್ತದೆ ಎಂದ. ಅಪ್ಪ ಮೇಲಿಂದ ಕೆಳಗೆ ಅವನನ್ನು ನೋಡಿ, ನೋಡುವುದೆಲ್ಲ ಆಮೇಲೆ ಎನ್ನುತ್ತ ಮೂಳೆ ಪಟ್ಟಿಯನ್ನು ಕೈಗಿತ್ತರು. ಎರಡು ಗಂಟೆ ಅವನು ಹಾಳೆ ಮಡಿಸಿದ. ಒಂದೂ ನೆಟ್ಟಗಾಗಲಿಲ್ಲ. ಅಂಟಿನ ಡಬ್ಬಿಯ ಹಿಂದೆ ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಿದ್ದಳು.

“ಆರು ತಿಂಗಳು ನಮ್ಮಲ್ಲಿ ಬಿಟ್ಟುಬಿಡು ಇವರನ್ನ, ದಾರಿಗೆ ತರೋಣ,” ಎಂದು ಅಪ್ಪ ಮಗಳಿಗೆ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ.

ಅವಳ ಮಡಿಕೆಯನ್ನು ಅವನು ಬೆರಳಿನಿಂದ ಸವರಿ ನೋಡಿದ. ಚಾಕುವಿನ ಅಂಚಿನಂತಿತ್ತು. ಇದೇನು ಯಂತ್ರವೇ ಎಂದ. ಅವನು ಅಷ್ಟು ಹತ್ತಿರ ಕೂತಿದ್ದನೆಂದೋ ಏನೋ, ಮುಂದಿನ ಹಾಳೆಗೆ ಅವಳು ಲೆಕ್ಕ ತಪ್ಪಿ ಮೂರು ಸಲ ಉಗುರೆಳೆದುಬಿಟ್ಟಳು.

‘ಬೇಡ ಕಣೇ,’ ಎಂದು ತನಗೆ ತಾನೇ ಹೇಳಿಕೊಂಡಳು. ‘ನೀನು ಬಂದಿರೋದು ಕೆಲಸಕ್ಕೆ. ಇಲ್ಲಿ ಕಾಲು ಜಾರಿದ್ರೆ, ಬೈಂಡರ್ ಮಗಳು ಯಾರದೋ ಕೃಪೆಯಿಂದ ಗೆದ್ದಳು ಅಂತ ಆಡಿಕೊಳ್ತಾರೆ...’

ಹೇಳಿಕೊಂಡಳು, ನಿಜ. ಆದರೆ ಮನಸ್ಸೆಂಬುದು ಯಾವತ್ತು ಹೇಳಿದ ಮಾತು ಕೇಳಿದೆ?

ಕೊನೆಯ ಪರೀಕ್ಷೆ ಬಂತು. ನಾಲ್ವರಿಗೂ ಒಂದೇ ಹಸ್ತಪ್ರತಿ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಹಾಸಿಗೆಯ ಬಟ್ಟೆ ಒಗೆದ ಹೆಂಗಸೊಬ್ಬಳು ತನ್ನ ಜೀವನವನ್ನು ಬರೆದು ಕಳಿಸಿದ್ದಳು. ವರದಿಯನ್ನು ಟೈಪ್ ಮಾಡಿ, ಹೆಸರು ಹಾಕದೆ, ಮಡಿಸಿ ಡಬ್ಬಿಗೆ ಹಾಕಬೇಕು. ದೊಡ್ಡ ಮೇಡಂ ಕೈಗೆ ಬಂದ ಹಾಗೆ ಅವಕ್ಕೆ ನಂಬರ್ ಹಾಕುತ್ತಾರೆ. ಮೇಡಂ ಸೇರಿ ನಾಲ್ವರು ಸಂಪಾದಕರು, ಯಾರದೆಂದು ತಿಳಿಯದೆ, ಅಂಕ ಕೊಡುತ್ತಾರೆ. ಮುಖ ನೋಡಿ ಮಣೆ ಹಾಕುವ ಕಾಲ ಮುಗಿಯಬೇಕು ಎಂಬುದು ಮೇಡಂ ಅವರ ನಿಯಮ.

ಉಳಿದವರು ಏನು ಬರೆದರೋ. ಅವಳು ಬರೆದದ್ದು ಇಷ್ಟು. ಮೊದಲ ಅರವತ್ತು ಪುಟ ತೆಗೆಯಿರಿ, ಅಲ್ಲಿ ಲೇಖಕಿ ತಾನು ಬರೆದದ್ದಕ್ಕೆ ಕ್ಷಮೆ ಕೇಳುತ್ತಿದ್ದಾಳೆ. ನಿಜವಾದ ಪುಸ್ತಕ ಶುರುವಾಗುವುದು ಅರವತ್ತೊಂದನೇ ಪುಟದಲ್ಲಿ, ವಾಪಸ್ ಬಂದ ಹಾಸಿಗೆ ಬಟ್ಟೆ ನೋಡಿಯೇ ವಾರ್ಡಿನಲ್ಲಿ ಯಾರು ಉಳಿದರು, ಯಾರು ಹೋದರು ಎಂದು ಅವಳಿಗೆ ತಿಳಿಯುವಲ್ಲಿ. ಅಲ್ಲಿಂದ ಮುಂದೆ ಒಂದು ಪದವನ್ನೂ ಮುಟ್ಟಬೇಡಿ. ಈ ಪುಸ್ತಕ ಬರಬೇಕು.

ಬರೆದು, ಮಡಿಸಿ, ಉಗುರಿನಿಂದ ಎರಡು ಸಲ ಎಳೆದು, ಡಬ್ಬಿಗೆ ಹಾಕಿದಳು.

ಶುಕ್ರವಾರ ಮೀಟಿಂಗ್. ಗಾಜಿನ ಗೋಡೆಯ ಈಚೆ ಇಂಟರ್ನ್‌ಗಳ ಉದ್ದನೆಯ ಮೇಜು, ಆಚೆ ಸಂಪಾದಕರು. ಮಾತು ಕೇಳಿಸದು, ಎಲ್ಲ ಕಾಣಿಸುತ್ತದೆ. ಮೇಡಂ ನಾಲ್ಕು ವರದಿಗಳನ್ನು ನಡುವೆ ಇಟ್ಟರು. ಮೂರು ಬಾಯಿ ಬಿಟ್ಟುಕೊಂಡು ನಿಂತವು. ಒಂದು ಮಾತ್ರ ಮೇಜಿಗೆ ಅಂಟಿದಂತೆ ಮಲಗಿತ್ತು. ತನ್ನದು ಯಾವುದೆಂದು ಇಲ್ಲಿಂದಲೇ ಗೊತ್ತಾಯಿತು ಅವಳಿಗೆ.

ಅದನ್ನು ಕೈಗೆತ್ತಿಕೊಂಡವನು ಅವನೇ.

ಹೆಬ್ಬೆರಳು ಮಡಿಕೆಯ ಮೇಲೆ ಒಮ್ಮೆ ಹರಿದಾಡಿತು. ಅರ್ಧ ತೆರೆದ. ನಿಲ್ಲಿಸಿದ. ಮತ್ತೆ ಮುಚ್ಚಿ, ಅದನ್ನು ಮೇಜಿನ ಮೇಲಿಟ್ಟು ದೂರ ಸರಿಸಿದ. ಮೇಡಂ ಕಡೆಗೆ ಏನೋ ಎರಡು ಮಾತು ಹೇಳಿ ಎದ್ದುನಿಂತ. ಆಚೆ ಬಾಗಿಲಿನಿಂದ ಹೊರಟೇ ಹೋದ.

ಅವಳು ಕುರ್ಚಿಯಿಂದ ಅರ್ಧ ಎದ್ದಳು. ಓದಲೂ ಇಲ್ಲ... ಪೂರ್ತಿ ತೆರೆಯಲೂ ಇಲ್ಲ!

ಸೋಮವಾರ ಅವನ ಮೇಜು ಖಾಲಿ. ಮಕ್ಕಳ ಪುಸ್ತಕಗಳ ವಿಭಾಗಕ್ಕೆ ಹೋಗಿದ್ದಾನಂತೆ, ಮೇಲಿನ ಮಹಡಿಗೆ. ಫಲಿತಾಂಶ ಬರುವವರೆಗೆ ನಿನ್ನ ಮೆಂಟರ್ ನಾನೇ ಎಂದು ದೊಡ್ಡ ಮೇಡಂ ಚುಟುಕಾಗಿ ತಿಳಿಸಿದರು. ಮೆಟ್ಟಿಲಿನಲ್ಲಿ ಒಮ್ಮೆ ಅವನು ಎದುರಾದ. ಏನೋ ಹೇಳಲು ಹೊರಟವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಆ ಸಂಜೆ ಅಂಗಡಿಯಲ್ಲಿ ಅವಳು ಕೆಲಸ ಬಿಡುತ್ತೇನೆಂದಳು. ಅವರ ಕರುಣೆಯೂ ಬೇಡ, ಕೆಲಸವೂ ಬೇಡ, ತನಗೆ ಈ ಮೇಜೇ ಸಾಕು ಎಂದಳು. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅತ್ತಳು. ಬೈಂಡರ್ ಮಗಳಲ್ಲವೇ!

ಅಪ್ಪ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ. ಎಲ್ಲವನ್ನೂ ಮೊದಲಿನಿಂದ ಹೇಳು ಎಂದರು. ಹೇಳಿದಳು. ಎದ್ದು ಹೋಗುವ ಮುಂಚೆ ನಿನ್ನ ಮೆಂಟರ್ ಸರಿಯಾಗಿ ಏನು ಮಾಡಿದರು ಎಂದು ಕೇಳಿದರು.

“ಮಡಿಕೆ ಮೇಲೆ ಬೆರಳಾಡಿಸಿದ್ರು. ಅಷ್ಟೇ. ಪಕ್ಕಕ್ಕೆ ತಳ್ಳಿಬಿಟ್ರು.”

ಅಪ್ಪನ ಕೈ ನಿಂತಿತು. ಆಮೇಲೆ ಅವರು ನಗತೊಡಗಿದರು. ಭುಜ ಕುಲುಕುವಷ್ಟು ನಗು.

“ಹೆಸರು ಬರೀಬೇಡ ಅಂದ್ರೆ ಸಹಿ ಹಾಕಿ ಕೊಟ್ಟಿದ್ದೀಯಲ್ಲೇ ಮಗಳೇ!”

ಅವಳು ಬೆಪ್ಪಾಗಿ ಅಪ್ಪನನ್ನೇ ನೋಡಿದಳು. ನಂಬರ್ ಹಾಕಿದರೇನು, ಟೈಪ್ ಮಾಡಿದರೇನು... ಆ ಕಟ್ಟಡದಲ್ಲಿ ಹಾಗೆ ಕಾಗದ ಮಡಿಸುವವರು ಇನ್ಯಾರಿದ್ದಾರೆ? ಎರಡು ಗಂಟೆ ಪಕ್ಕದಲ್ಲಿ ಕೂತು ಅದನ್ನೇ ಕಲಿಯಲು ಒದ್ದಾಡಿದವನಿಗೆ ಗೊತ್ತಾಗದೇ ಇದ್ದೀತೇ?

ಹಾಗಾದರೆ ಅದು ತನ್ನದೆಂದು ತಿಳಿದೇ ಎದ್ದು ಹೋದದ್ದು. ಆದರೆ ಏಕೆ?

“ಅದನ್ನ ನನ್ನ ಕೇಳಬೇಡ. ಎದ್ದುಹೋದವರನ್ನ ಕೇಳು,” ಎಂದರು ಅಪ್ಪ. ಕೆಲಸ ಬಿಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ಮರುದಿನ ಅವಳು ಮೊದಲು ಹೋದದ್ದು ಅವನ ಬಳಿಗಲ್ಲ, ದೊಡ್ಡ ಮೇಡಂ ಕೋಣೆಗೆ. ತನ್ನ ವರದಿ ಮಡಿಕೆಯಿಂದಲೇ ಗುರುತು ಸಿಗುವಂತಿತ್ತು, ಬೇಕೆಂದು ಮಾಡಿದ್ದಲ್ಲ, ಆದರೂ ನಿಯಮ ಮುರಿದಂತಾಯಿತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದಳು. ತಲೆ ತಗ್ಗಿಸದೆಯೇ ಹೇಳಿದಳು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಡಿಕೆ ನೋಡಿ ಗುರುತು ಹಿಡಿಯೋ ಮನುಷ್ಯ ಈ ಆಫೀಸಲ್ಲಿ ಒಬ್ಬನೇ ಇದ್ದ. ಅವನು ಎದ್ದು ಹೋದ. ಉಳಿದ ಮೂರು ಜನಕ್ಕೆ ಅದು ಬರೀ ಕಾಗದ. ಮೂರೂ ಜನ ಅದಕ್ಕೇ ಮೊದಲ ಸ್ಥಾನ ಕೊಟ್ಟಿದ್ದಾರೆ, ನಾನೂ ಸೇರಿ. ಇಂಥ ವರದಿ ಓದಿ ಎಷ್ಟು ವರ್ಷವಾಗಿತ್ತೋ. ಕೆಲಸ ನಿನ್ನದು. ಆ ಲಾಂಡ್ರಿ ಹೆಂಗಸಿನ ಪುಸ್ತಕವೂ ನಿನ್ನದೇ, ನೀನೇ ಸಂಪಾದಿಸು.”

ಗೆದ್ದಿದ್ದಳು. ಯಾರ ಕೃಪೆಯೂ ಇಲ್ಲದೆ, ಯಾರ ಮುಖವನ್ನೂ ನೋಡದೆ ಇಟ್ಟ ತಕ್ಕಡಿಯಲ್ಲಿ ತೂಗಿ ಗೆದ್ದಿದ್ದಳು!

ಮೇಡಂ ಡ್ರಾಯರ್‌ನಿಂದ ಒಂದು ಕಾಗದ ತೆಗೆದುಕೊಟ್ಟರು. ಇದು ನಿನ್ನ ವಿಷಯದ್ದು, ಓದುವ ಹಕ್ಕು ನಿನಗಿದೆ ಎಂದರು. ಅವನ ಕೈಬರಹ. ‘ಈ ವರದಿ ಯಾರದೆಂದು ನನಗೆ ತಿಳಿದುಬಿಟ್ಟಿದೆ. ಇದಕ್ಕೆ ಅಂಕ ಕೊಡುವ ಹಕ್ಕು ನನಗಿಲ್ಲ. ಇನ್ನು ಅವರ ಮೆಂಟರ್ ಆಗಿಯೂ ಇರಲಾರೆ. ಕಾರಣ ವೈಯಕ್ತಿಕ.’

ಅವಳು ನಾಲ್ಕು ಸಲ ಓದಿದಳು. ಹೊರಗೆ ಬಂದು ತನ್ನ ಮೇಜಿನಲ್ಲಿ ಕುಳಿತಳು. ಪೆನ್ಸಿಲ್ ತೆಗೆದುಕೊಂಡು ‘ವೈಯಕ್ತಿಕ’ ಎಂಬ ಪದದ ಪಕ್ಕ, ಅಂಚಿನಲ್ಲಿ, ದೊಡ್ಡದಾಗಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಮಡಿಸಿ, ಎರಡು ಸಲ ಉಗುರೆಳೆದು, ಮೇಲಿನ ಮಹಡಿಗೆ ಹೋಗಿ ಅವನ ಮುಂದಿಟ್ಟಳು.

ಅವನು ಮೊದಲು ಮಡಿಕೆಯನ್ನು ನೋಡಿದ. ಆಮೇಲೆ ಅವಳನ್ನು. ಆಮೇಲೆ ಬಿಡಿಸಿದ.

“ಇಲ್ಲಿ ಮಾತು ಪೂರ್ತಿ ಆಗಿಲ್ಲ ಸರ್,” ಎಂದಳು ಅವಳು. “ಬರೆದವರು ಏನೋ ಮುಚ್ಚಿಟ್ಟುಕೊಂಡಿದ್ದಾರೆ.”

ಅವನ ಕಿವಿ ಕೆಂಪಾಯಿತು. ಹೆಬ್ಬೆರಳನ್ನು ಆ ಚಿಹ್ನೆಯ ಪಕ್ಕ ಇಟ್ಟ.

“ಕೈ ಗೊತ್ತಾಗುತ್ತೆ ಅಂತ ನೀವೇ ಹೇಳಿದ್ದು,” ಎಂದ. “ಆ ಕಾಗದ ಮುಟ್ಟಿದ ತಕ್ಷಣ ನನಗೆ ಗೊತ್ತಾಗಿಹೋಯ್ತು, ಇದು ನಿಮ್ಮದು ಅಂತ. ಓದೋಕೆ ಮುಂಚೇನೇ ಇದೇ ಗೆಲ್ಲಲಿ ಅಂತ ಆಸೆಯಾಯ್ತು. ಅಂಥವನು ಅಲ್ಲಿ ಕೂರಬಾರದು. ನಾನು ಕೂತಿದ್ರೆ ನಿಮ್ಮ ಗೆಲುವಲ್ಲಿ ನನ್ನ ಪಾಲು ಇದೆ ಅಂತ ಯಾರಾದ್ರೂ ಅಂದಿರೋರು. ಅದರಲ್ಲಿ ನಂದೇನೂ ಇಲ್ಲ. ಪೂರ್ತಿ ನಿಮ್ಮದು.”

“ಒಂದು ಮಾತು ಹೇಳಬಹುದಿತ್ತು. ಆ ನಾಲ್ಕು ದಿನ ನಾನು...”

“ಹೇಳೋಕೆ ಬಂದೆ, ಮೆಟ್ಟಿಲ ಹತ್ರ. ಫಲಿತಾಂಶ ಬರದೆ ಹೇಳಿದ್ರೆ ಅದೂ ತಪ್ಪೇ ಅನ್ನಿಸ್ತು.” ಅವನು ಎದ್ದುನಿಂತ. “ಈಗ ನಾನು ನಿಮ್ಮ ಮೆಂಟರ್ ಅಲ್ಲ. ನಿಮ್ಮ ಕೆಲಸ ನನ್ನ ಕೈಯಲ್ಲಿಲ್ಲ. ಅದಕ್ಕೇ ಹೇಳ್ತಿದ್ದೀನಿ. ನಂಗೆ ನೀವು ಅಂದ್ರೆ ತುಂಬ ಇಷ್ಟ. ಮೊದಲ ದಿನ ಪುಸ್ತಕ ಕಿತ್ತುಕೊಂಡ್ರಲ್ಲ, ಆವತ್ತಿಂದ.”

ಅವಳ ಕಣ್ಣು ತುಂಬಿ ಬಂತು. ಹೌದೆನ್ನಲು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೂ ತಡೆದಳು. ಒಂದೇ ದಿನದಲ್ಲಿ ಎರಡು ಸಂತೋಷವನ್ನು ಕಲೆಸಿಬಿಟ್ಟರೆ ಯಾವುದರ ರುಚಿಯೂ ಉಳಿಯದು ಎನಿಸಿತು.

“ನನ್ನ ಪುಸ್ತಕ ಬರಲಿ,” ಎಂದಳು. “ಅಲ್ಲಿವರೆಗೆ ಈ ಪ್ರಶ್ನೆ ನನ್ನ ಹತ್ರಾನೇ ಇರಲಿ.” ಕಾಗದವನ್ನು ಮಡಿಸಿ ತೆಗೆದುಕೊಂಡು ಹೋದಳು.

ಅವನು ಕಾದ. ಒಂದು ದಿನವೂ ನೆನಪಿಸಲಿಲ್ಲ. ಪ್ರತಿ ಶನಿವಾರ ಮಾತ್ರ ಬೈಂಡಿಂಗ್ ಅಂಗಡಿಗೆ ಬಂದು, ಅಪ್ಪನ ಎದುರು ಕುಳಿತು ರದ್ದಿ ಹಾಳೆ ಮಡಿಸಿದ. ಅಲ್ಲಿ ಪ್ರಶ್ನೆ ಕೇಳುವ ಅಧಿಕಾರ ಅಪ್ಪನಿಗೆ ಮಾತ್ರ ಇತ್ತು.

ನಾಲ್ಕು ತಿಂಗಳ ಮೇಲೆ ಲಾಂಡ್ರಿ ಹೆಂಗಸಿನ ಪುಸ್ತಕದ ಮೊದಲ ಪ್ರತಿ ಅದೇ ಅಂಗಡಿಯಲ್ಲಿ, ಅಂಟು ಇನ್ನೂ ಪೂರ್ತಿ ಆರದೆ, ಸಿದ್ಧವಾಯಿತು. ಲೇಖಕಿಯೂ ಬಂದಿದ್ದಳು. ತನ್ನ ಪುಸ್ತಕವನ್ನು ಒಗೆದ ಬಟ್ಟೆಯಂತೆ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಆಮೇಲೆ ಅದನ್ನು ಬೈಂಡರ್ ಮಗಳ ಕೈಗೆ ಕೊಟ್ಟಳು. ಅವಳು ಪಕ್ಕದಲ್ಲೇ ಹಾಳೆ ಮಡಿಸುತ್ತಿದ್ದ ಅವನ ಕೈಗೆ ಕೊಟ್ಟಳು.

ಅವನು ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿದ. ಮುಂದಿನಿಂದ ನಾಲ್ಕು ಹಾಳೆ. ಹಿಂದಿನಿಂದ ನಾಲ್ಕು ಹಾಳೆ. ಶೀರ್ಷಿಕೆಯ ಹಿಂಬದಿಯ ಪುಟದಲ್ಲಿ ಅವನ ಬೆರಳು ನಿಂತಿತು. ಸಂಪಾದನೆ ಎಂಬ ಪದದ ಮುಂದೆ ಅವಳ ಹೆಸರಿತ್ತು. ಅದರ ಕೆಳಗೆ, ಆ ಸಂಸ್ಥೆಯ ನಲವತ್ತು ವರ್ಷದಲ್ಲಿ ಎಂದೂ ಇಲ್ಲದ ಒಂದು ಸಾಲು. ಬೈಂಡಿಂಗ್ ಎಂಬ ಪದದ ಮುಂದೆ ಅಪ್ಪನ ಹೆಸರು, ಅಮ್ಮನ ಹೆಸರು.

ಅಪ್ಪ ಆಗಲೇ ಆ ಸಾಲನ್ನು ಎಷ್ಟು ಸಲ ಓದಿದ್ದರೋ. ಈಗ ಮತ್ತೊಮ್ಮೆ ಬಗ್ಗಿ ಓದಿದರು. ಹೆಸರಿನ ಮೇಲೆ ಅಂಟಿನ ಬೆರಳು ತಾಗದಂತೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. “ನನ್ನ ಮಗಳು ಹಾಕಿಸಿದ್ದು,” ಎಂದು ಲೇಖಕಿಗೆ ಹೇಳಿದವರೇ ಸರಸರನೆ ಒಳಗೆ ನಡೆದರು. ಅಮ್ಮ ಲೇಖಕಿಯನ್ನು ಟೀ ಕುಡಿಯಲು ಕರೆದೊಯ್ದಳು.

ಅವನು ಹಾಳೆ ಬಿಡಿಸುತ್ತ ನಡುವಿಗೆ ಬಂದ. ಅಲ್ಲಿ, ಅರವತ್ತು ಪುಟ ತೆಗೆದ ಪುಸ್ತಕದ ಸರಿಯಾದ ಮಧ್ಯದಲ್ಲಿ, ಚಾಕುವಿನ ಅಂಚಿನಂಥ ಮಡಿಕೆಯ ಒಂದು ಕಾಗದವಿತ್ತು. ಅವನದೇ ಹಳೆಯ ಪತ್ರ.

ಬಿಡಿಸಿದ. ‘ವೈಯಕ್ತಿಕ’ ಎಂಬ ಪದದ ಪಕ್ಕದ ಅಂಚು ಖಾಲಿಯಾಗಿತ್ತು. ಅಲ್ಲೇನೋ ಇತ್ತೆಂಬುದಕ್ಕೆ ಕಾಗದ ಸ್ವಲ್ಪ ಸವೆದು ಬಿಳುಪಾಗಿತ್ತು, ಅಷ್ಟೇ.

“ಅಳಿಸಿದ್ದೀರಿ...” ಎಂದ ಅವನು, ತನ್ನ ಕಣ್ಣನ್ನೇ ನಂಬದೆ.

“ಉತ್ತರ ಸರಿಯಿದ್ರೆ ಪ್ರಶ್ನೆ ಹಾಕಿದವರೇ ಅಳಿಸಬೇಕು. ನೀವೇ ಕಲಿಸಿದ್ದಲ್ವಾ?”

“ಯಾವಾಗ ಅಳಿಸಿದ್ರಿ?”

ಅವಳು ನಗುತ್ತ ಕೆಳಗೆ ನೋಡಿದಳು. “ಅವತ್ತೇ. ಮೆಟ್ಟಿಲು ಇಳಿಯೋಕೂ ಮುಂಚೆ.”

ಅವನ ಕೈ ಮೇಜಿನ ಮೇಲೆ ಅವಳ ಕೈಯನ್ನು ಹುಡುಕಿಕೊಂಡು ಬಂತು. ಅವಳು ಅದನ್ನು ಹಿಡಿದುಕೊಂಡಳು. ಅಂಟಿನ ವಾಸನೆಯ, ಕಾಗದದ ಅಂಚು ತಾಗಿ ಗೀರುಬಿದ್ದ ಬೆರಳುಗಳು. ಈಗ ಅವನವೂ ಹಾಗೇ ಆಗಿದ್ದವು.

ಒಳಗಿನಿಂದ ಅಪ್ಪನ ದನಿ ಕೇಳಿತು. ಉಳಿದ ಹಾಳೆಗಳನ್ನು ಯಾರು ಮಡಿಸುತ್ತಾರೆ ಎಂದು ವಿಚಾರಿಸುತ್ತಿದ್ದರು.

“ನಾವಿಬ್ಬರೂ,” ಎಂದು ಅವಳು ಕೂಗಿ ಹೇಳಿ, ಮೂಳೆ ಪಟ್ಟಿಯನ್ನು ಅವನ ಕೈಗಿಟ್ಟಳು.